ಬಿಗಿಯಾಗಿದ್ದ ತಾಪಮಾನದ ಗುಂಡಿಯನ್ನು ನಾನೇ ಸರಿಪಡಿಸಿದ ಬಗೆ

ನನ್ನ ಕಾರಿನ ಡ್ಯಾಶ್‌ಬೋರ್ಡಿನ ನಡುವೆ ಮೂರು ಗುಂಡಿಗಳಿವೆ. ಒಂದು ಗಾಳಿಯ ವೇಗಕ್ಕೆ, ಇನ್ನೊಂದು ಗಾಳಿ ಹೊರಡುವ ದಿಕ್ಕಿಗೆ, ಮತ್ತೊಂದು ತಾಪಮಾನಕ್ಕೆ. ಮೊದಲೆರಡು ಗುಂಡಿಗಳು ಹೊಸದರಲ್ಲಿದ್ದಂತೆಯೇ ಸಲೀಸಾಗಿ ತಿರುಗುತ್ತಿದ್ದವು. ತಾಪಮಾನದ ಗುಂಡಿ ಮಾತ್ರ ವರ್ಷ ಕಳೆದಂತೆ ಬಿಗಿಯಾಗುತ್ತ ಬಂದು, ಕಡೆಗೆ ನೀಲಿ ಗುರುತಿನಿಂದ ಕೆಂಪು ಗುರುತಿನ ಕಡೆಗೆ ಒಯ್ಯಬೇಕಾದರೆ ಬೆರಳುಗಳ ಬಲ ಸಾಲದೆ ಮಣಿಕಟ್ಟನ್ನೇ ತಿರುಚಬೇಕಾಗುತ್ತಿತ್ತು. ಅರ್ಧ ದಾರಿಯಲ್ಲಿ ಒಮ್ಮೆ ಹಿಡಿದಂತಾಗಿ, ಮತ್ತಷ್ಟು ಒತ್ತಿದರೆ ಥಟ್ಟನೆ ಬಿಟ್ಟುಕೊಂಡು ಬೇಕಾದ ಜಾಗವನ್ನು ದಾಟಿ ಹೋಗುತ್ತಿತ್ತು. ಹೀಗಾಗಿ ಗಾಳಿಯನ್ನು ಹದವಾಗಿ ಇಟ್ಟುಕೊಳ್ಳುವುದು ಸಾಧ್ಯವೇ ಇರಲಿಲ್ಲ.

ಈ ಗುಂಡಿ ಏನು ಮಾಡುತ್ತದೆಂಬುದು ತಿಳಿದಿದ್ದರೆ ದೋಷವನ್ನು ಹುಡುಕುವುದು ಸುಲಭ. ತಾಪಮಾನದ ಗುಂಡಿ ತಿರುಗಿಸಿದರೆ ಎ.ಸಿ.ಯ ಶಕ್ತಿ ಹೆಚ್ಚು ಕಡಿಮೆಯಾಗುತ್ತದೆಂದು ಅನೇಕರು ಭಾವಿಸುತ್ತಾರೆ. ಸಾಮಾನ್ಯ ಕೇಬಲ್ ವ್ಯವಸ್ಥೆಯಲ್ಲಿ ಹಾಗಾಗುವುದಿಲ್ಲ. ಬ್ಲೋವರ್ ಎಂಬ ಫ್ಯಾನು ತಳ್ಳಿದ ಗಾಳಿ ಮೊದಲು ಎ.ಸಿ.ಯ ತಣ್ಣನೆಯ ಭಾಗವಾದ ಇವ್ಯಾಪೊರೇಟರ್ ಮೂಲಕ ಹಾದು ಬರುತ್ತದೆ. ಅದರ ಮುಂದೆ ಹೀಟರ್ ಕೋರ್ ಎಂಬ ಪುಟ್ಟ ರೇಡಿಯೇಟರ್ ಇದ್ದು, ಅದರೊಳಗೆ ಸುಮಾರು 90 ಡಿಗ್ರಿ ಸೆಲ್ಸಿಯಸ್ ಬಿಸಿಯ ಕೂಲೆಂಟ್, ಅಂದರೆ ಎಂಜಿನನ್ನು ತಣಿಸುವ ದ್ರವ, ಹರಿಯುತ್ತಿರುತ್ತದೆ. ಬಂದ ಗಾಳಿಯಲ್ಲಿ ಎಷ್ಟು ಪಾಲು ಈ ಹೀಟರ್ ಕೋರಿನ ಮೂಲಕ ಹೋಗಬೇಕು, ಎಷ್ಟು ಪಾಲು ಅದರ ಪಕ್ಕದಿಂದ ನುಸುಳಿ ಬರಬೇಕು ಎಂಬುದನ್ನು ಒಂದು ಪ್ಲಾಸ್ಟಿಕ್ ಕದ ನಿರ್ಧರಿಸುತ್ತದೆ. ಗುಂಡಿಯ ಹಿಂದಿನ ಹಲ್ಲುಚಕ್ರ ಒಂದು ಕೇಬಲನ್ನು ಎಳೆಯುತ್ತದೆ ಅಥವಾ ತಳ್ಳುತ್ತದೆ, ಕೇಬಲು ಹೀಟರ್ ಕೋರೂ ಕದವೂ ಇರುವ ಹೀಟರ್ ಪೆಟ್ಟಿಗೆಯ ಹೊರಗಿರುವ ಸನ್ನೆಯನ್ನು (ಲಿವರನ್ನು) ಆಡಿಸುತ್ತದೆ, ಸನ್ನೆ ಕದವನ್ನು ತಿರುಗಿಸುತ್ತದೆ. ಕೆಲವು ಕಾರುಗಳಲ್ಲಿ ಇದೇ ಕೇಬಲು, ಅಥವಾ ಅದರ ಜೊತೆಗಿನ ಮತ್ತೊಂದು, ಕೂಲೆಂಟ್ ಕೊಳವೆಯಲ್ಲಿರುವ ಕವಾಟವನ್ನೂ ತೆರೆದು ಮುಚ್ಚುತ್ತದೆ. ಡಿಗ್ರಿಗಳನ್ನು ಅಂಕಿಗಳಲ್ಲಿ ತೋರಿಸುವ ಸ್ವಯಂಚಾಲಿತ ವ್ಯವಸ್ಥೆಯಲ್ಲಾದರೆ ಕದವನ್ನು ತಿರುಗಿಸುವುದು ಸಣ್ಣ ಮೋಟಾರು. ಅಲ್ಲಿ ಗುಂಡಿ ಬಿಗಿಯಾದರೆ ದೋಷ ಗುಂಡಿಯಲ್ಲೇ ಇರುತ್ತದೆ, ಮುಂದೆ ಹೇಳುವ ಬಹುಪಾಲು ಕೆಲಸ ಅದಕ್ಕೆ ಅನ್ವಯಿಸುವುದಿಲ್ಲ.

ಗುಂಡಿ ಬಿಗಿಯಾದಾಗ ಬಲ ಹಾಕಿ ತಿರುಗಿಸುತ್ತಲೇ ಇರುವುದು ದುಬಾರಿಯ ಅಭ್ಯಾಸ. ಈ ಸರಪಳಿಯಲ್ಲಿ ಉಕ್ಕಿನದೆಂದರೆ ಕೇಬಲಿನ ಒಳತಂತಿಯೊಂದೇ. ಹಲ್ಲುಚಕ್ರ, ಸನ್ನೆ, ಕದ ಎಲ್ಲವೂ ಪ್ಲಾಸ್ಟಿಕ್. ಹಲ್ಲುಚಕ್ರ ಮುರಿದರೆ ನಿಯಂತ್ರಣ ಫಲಕವೊಂದನ್ನು ಬದಲಾಯಿಸಿದರೆ ಸಾಕು. ಕದದ ಅಕ್ಷವೇ ಮುರಿದುಹೋದರೆ ಹಲವು ಕಾರುಗಳಲ್ಲಿ ಇಡೀ ಡ್ಯಾಶ್‌ಬೋರ್ಡನ್ನು ಕಳಚಿ, ಕೂಲೆಂಟನ್ನು ಬಸಿದು, ಎ.ಸಿ.ಯ ಅನಿಲವನ್ನು ಯಂತ್ರದ ಸಹಾಯದಿಂದ ಹೊರತೆಗೆದು ಹೀಟರ್ ಪೆಟ್ಟಿಗೆಯನ್ನು ಬಿಚ್ಚಬೇಕಾಗುತ್ತದೆ.

ಗುಂಡಿಯ ಸಂದಿಗೆ ಎಣ್ಣೆ ಸಿಂಪಡಿಸಿ ನೋಡಿ ಎಂಬ ಸಲಹೆ ಎಲ್ಲ ಕಡೆಯೂ ಸಿಗುತ್ತದೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಬೆರಳಿಗೆ ತಗಲುವ ಬಿಗಿತ ಗುಂಡಿಯದೋ, ಕೇಬಲಿನದೋ, ಕದದ್ದೋ ಎಂಬುದು ಗೊತ್ತಿಲ್ಲದೆ ಎಣ್ಣೆ ಹಾಕುವುದು ಯಾವ ಹಲ್ಲು ನೋಯುತ್ತಿದೆಯೆಂದು ಕೇಳದೆ ಕೀಳುವಂತೆ. ಅಲ್ಲದೆ ಆ ಸಂದಿಯ ಹಿಂದೆ ಬ್ಲೋವರ್ ಸ್ವಿಚ್ಚಿನ ವಿದ್ಯುತ್ ಸಂಪರ್ಕಗಳೂ ಬೆಳಕಿನ ಬಲ್ಬುಗಳೂ ಇರುತ್ತವೆ. ಆದ್ದರಿಂದ ಮೂರನ್ನೂ ಬೇರ್ಪಡಿಸಿ ಒಂದೊಂದನ್ನೇ ಪರೀಕ್ಷಿಸುವುದೆಂದು ತೀರ್ಮಾನಿಸಿದೆ.

ಕೆಲಸಕ್ಕೆ ಮೊದಲು ಎಂಜಿನ್ ಪೂರ್ತಿ ತಣಿಯಲು ಬಿಟ್ಟು, ಬ್ಯಾಟರಿಯ ಋಣ ತಂತಿಯನ್ನು ಕಳಚಿ, ಕೈಪಿಡಿ ಹೇಳುವಷ್ಟು ಹೊತ್ತು ಕಾದೆ. ಡ್ಯಾಶ್‌ಬೋರ್ಡಿನೊಳಗೆ ಏರ್‌ಬ್ಯಾಗಿನ ತಂತಿಗಳಿರುತ್ತವೆ; ಅವುಗಳ ಕನೆಕ್ಟರುಗಳಿಗೆ ಸಾಮಾನ್ಯವಾಗಿ ಹಳದಿ ಬಣ್ಣವಿರುತ್ತದೆ, ಅವನ್ನು ಮುಟ್ಟುವ ಅಗತ್ಯ ಈ ಕೆಲಸದಲ್ಲಿಲ್ಲ. ನನ್ನ ಕಾರಿನಲ್ಲಿ ಗ್ಲೋವ್ ಬಾಕ್ಸಿನ ಎರಡು ಪಕ್ಕಗಳನ್ನು ಒಳಕ್ಕೆ ಅದುಮಿದರೆ ಅದು ಕೆಳಗೆ ಜೋತುಬೀಳುತ್ತದೆ. ಅದರ ಹಿಂದೆ ಟಾರ್ಚ್ ಹಿಡಿದಾಗ ಹೀಟರ್ ಪೆಟ್ಟಿಗೆಯ ಪಕ್ಕದಲ್ಲಿ ಸನ್ನೆಯೂ ಅದರ ತುದಿಯ ಮೊಳೆಗೆ ಸಿಕ್ಕಿಸಿದ ಕೇಬಲಿನ ಸುರುಳಿಯೂ ಕಂಡವು. ಕೆಲವು ಕಾರುಗಳಲ್ಲಿ ಇದೇ ಸನ್ನೆ ಚಾಲಕನ ಪಾದಗಳ ಮೇಲ್ಭಾಗದಲ್ಲಿರುತ್ತದೆ. ಮೊದಲು ಕೇಬಲಿನ ಹೊರಕವಚವನ್ನು ಹಿಡಿದಿರುವ ಕ್ಲಿಪ್ ಎಲ್ಲಿದೆಯೆಂಬುದನ್ನು ಮಾರ್ಕರ್ ಪೆನ್ನಿನಿಂದ ಗುರುತು ಮಾಡಿ, ಫೋಟೊ ತೆಗೆದು, ಆಮೇಲೆ ಕ್ಲಿಪ್ಪನ್ನು ಸಡಿಲಿಸಿ ಕೇಬಲಿನ ಸುರುಳಿಯನ್ನು ಮೊಳೆಯಿಂದ ಎಬ್ಬಿಸಿದೆ. ಜೋಡಿಸುವಾಗ ಈ ಗುರುತು ಎಷ್ಟು ಉಪಯೋಗಕ್ಕೆ ಬರುತ್ತದೆಂಬುದು ಆಮೇಲೆ ತಿಳಿಯುತ್ತದೆ.

ಕೇಬಲ್ ಬಿಟ್ಟ ಮೇಲೆ ಸನ್ನೆಯನ್ನು ಒಂದೇ ಬೆರಳಿನಿಂದ ಆ ತುದಿಯಿಂದ ಈ ತುದಿಗೆ ಆಡಿಸಿದೆ. ಅದು ಹಗುರವಾಗಿ ಚಲಿಸಿ, ಎರಡೂ ಕೊನೆಗಳಲ್ಲಿ ಮೆತ್ತನೆಯ ಸ್ಪಂಜಿಗೆ ತಗಲಿದಂತೆ ನಿಂತಿತು. ಕದದ ಅಂಚಿಗೆ ಅಂಟಿಸಿರುವ ಫೋಮ್ ಪಟ್ಟಿ ಪೆಟ್ಟಿಗೆಯ ಗೋಡೆಗೆ ಕೂರುವಾಗ ಆಗುವ ಅನುಭವ ಅದು; ಕದ ಆರೋಗ್ಯವಾಗಿದೆ ಎಂದರ್ಥ. ಇಲ್ಲೇ ಬಿಗಿತ ಕಂಡಿದ್ದರೆ ಸನ್ನೆಯ ಅಕ್ಷದ ಬುಡಕ್ಕೆ ಗ್ರೀಸ್ ಬೇಕಾಗಿತ್ತು. ಗಾಳಿಕಿಂಡಿಯಿಂದ ಒಳಬಿದ್ದ ಪೆನ್ನೋ ನಾಣ್ಯವೋ ಕಳಚಿದ ಫೋಮ್ ಚೂರೋ ಕದವನ್ನು ತಡೆಹಿಡಿದಿದೆಯೇ ಎಂದೂ ನೋಡಬೇಕಾಗಿತ್ತು. ಕೂಲೆಂಟ್ ಕವಾಟವಿರುವ ಕಾರಿನಲ್ಲಿ ಅದರ ಸನ್ನೆಯನ್ನೂ ಹೀಗೆಯೇ ಬೇರ್ಪಡಿಸಿ ನೋಡಬೇಕು. ಹಳೆಯ ಕೂಲೆಂಟಿನ ಕಿಲುಬು ಹಿಡಿದು ಆ ಕವಾಟ ಬಿಗಿಯುವುದುಂಟು. ಅದಕ್ಕೆ ಮದ್ದು ಗ್ರೀಸ್ ಅಲ್ಲ, ಹೊಸ ಕವಾಟ.

ಆಮೇಲೆ, ಕೇಬಲಿನ ತುದಿ ಗಾಳಿಯಲ್ಲಿ ತೂಗುತ್ತಿರುವಾಗಲೇ ಗುಂಡಿಯನ್ನು ತಿರುಗಿಸಿದೆ. ಮೊದಲಿನಷ್ಟೇ ಬಿಗಿ. ದೋಷ ಕೇಬಲಿನಲ್ಲಿ ಅಥವಾ ಗುಂಡಿಯಲ್ಲಿ ಇದೆಯೆಂಬುದು ಇದರಿಂದ ಖಚಿತವಾಯಿತು. ಪ್ಲಾಸ್ಟಿಕ್ ಸಲಾಕೆಯಿಂದ ನಡುವಿನ ಅಲಂಕಾರ ಪಟ್ಟಿಯನ್ನು ಎಬ್ಬಿಸಿ, ಆಡಿಯೊ ಘಟಕವನ್ನು ಹೊರಕ್ಕೆ ಜಾರಿಸಿ, ನಿಯಂತ್ರಣ ಫಲಕದ ಸ್ಕ್ರೂಗಳನ್ನು ಬಿಚ್ಚಿದೆ. ಆಡಿಯೊ ಘಟಕ ಕಾರಿನೊಂದಿಗೆ ಬಂದದ್ದಲ್ಲ, ಆಮೇಲೆ ಹಾಕಿಸಿದ್ದು. ಅದರ ಹೆಚ್ಚುವರಿ ತಂತಿಗಳನ್ನು ದಪ್ಪ ಕಂತೆಯಾಗಿ ಕಟ್ಟಿ ಹಿಂದಿನ ಪೊಟರೆಗೆ ತುರುಕಲಾಗಿತ್ತು. ಆ ಕಂತೆ ಕೇಬಲನ್ನು ಒಂದು ಲೋಹದ ಪಟ್ಟಿಗೆ ಒತ್ತಿ ಹಿಡಿದು, ನೇರವಾಗಿ ಇಳಿಯಬೇಕಾದ ಕೇಬಲು ಒಂದು ಸುತ್ತು ಬಳಸಿ ಹೋಗುವಂತೆ ಮಾಡಿತ್ತು. ಒತ್ತಿದ ಜಾಗದಲ್ಲಿ ಹೊರಕವಚ ಚಪ್ಪಟೆಯಾಗಿ, ಅದರ ಮೇಲೆ ಪಟ್ಟಿಯ ಅಂಚಿನ ಗೀರು ಬಿದ್ದಿತ್ತು.

ಕೇಬಲಿನ ಬಾಗುಗಳು ಬಿಗಿತವನ್ನು ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತವೆ. ತಂತಿಗೂ ಕವಚಕ್ಕೂ ನಡುವಿನ ಘರ್ಷಣಾಂಕ (ಉಜ್ಜಾಟ ಎಷ್ಟೆಂದು ಹೇಳುವ ಅಂಕಿ) 0.2 ಎಂದಿಟ್ಟುಕೊಂಡರೆ, ಒಟ್ಟು 90 ಡಿಗ್ರಿ ಬಾಗಿದ ಕೇಬಲನ್ನು ಎಳೆಯಲು ಬೇಕಾಗುವ ಬಲ ನೇರ ಕೇಬಲಿಗಿಂತ ಸುಮಾರು 1.4 ಪಟ್ಟು, ಒಟ್ಟು ಬಾಗು 270 ಡಿಗ್ರಿಯಾದರೆ ಅದು ಸುಮಾರು 2.6 ಪಟ್ಟು. ತುಕ್ಕು ಹಿಡಿದು ಘರ್ಷಣೆ ಹೆಚ್ಚಿದಾಗ ಈ ಅಂತರ ಇನ್ನೂ ಹಿಗ್ಗುತ್ತದೆ. ಹಿಗ್ಗಿಯೂ ಇತ್ತು: ತಂತಿ ಕವಚದಿಂದ ಹೊರಬರುವ ಬಾಯಲ್ಲಿ ಕಂದು ಬಣ್ಣದ ಪುಡಿ ಉಂಗುರದಂತೆ ಕೂತಿತ್ತು.

ಫಲಕದ ಕಡೆಯಿಂದಲೂ ಕೇಬಲನ್ನು ಬಿಡಿಸಿ ಗುಂಡಿಯನ್ನಷ್ಟೇ ತಿರುಗಿಸಿ ನೋಡಿದೆ. ಅಲ್ಲಿಯೂ ಸ್ವಲ್ಪ ಬಿಗಿತವಿತ್ತು. ಹಲ್ಲುಚಕ್ರಕ್ಕೆ ಕಾರ್ಖಾನೆಯಲ್ಲಿ ಹಚ್ಚಿದ್ದ ಗ್ರೀಸು ಧೂಳನ್ನು ಹೀರಿ ಉಗುರಿನಿಂದ ಕೆರೆದು ತೆಗೆಯುವಷ್ಟು ಗಟ್ಟಿಯಾಗಿತ್ತು. ಅದನ್ನು ಕಡ್ಡಿಗೆ ಸುತ್ತಿದ ಬಟ್ಟೆಯಿಂದಲೂ ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಮೃದು ಬ್ರಷ್ಷಿನಿಂದಲೂ ತೆಗೆದು ಚೆನ್ನಾಗಿ ಒಣಗಿಸಿದೆ. ಪೆಟ್ರೋಲ್, ಥಿನ್ನರ್, ಬ್ರೇಕ್ ಕ್ಲೀನರ್ ಮೊದಲಾದವುಗಳನ್ನು ಇಲ್ಲಿ ಬಳಸಬಾರದು. ಅವು ಕೆಲವು ಬಗೆಯ ಪ್ಲಾಸ್ಟಿಕ್ಕಿನಲ್ಲಿ ಕೂದಲೆಳೆಯಂಥ ಬಿರುಕುಗಳನ್ನು ಹುಟ್ಟಿಸುತ್ತವೆ. ಹಲ್ಲುಗಳ ಮೇಲೆ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿದೆ. ಅದು ಸ್ವಿಚ್ಚಿನ ಸಂಪರ್ಕಗಳ ಕಡೆಗೆ ಹರಡದಂತೆ ನೋಡಿಕೊಳ್ಳಬೇಕು.

ಚಪ್ಪಟೆಯಾದ ಕೇಬಲಿಗೆ ಎಣ್ಣೆ ಬಿಟ್ಟು ಮರುಬಳಕೆ ಮಾಡಬಹುದಿತ್ತು. ಕವಚ ಒಮ್ಮೆ ಮಡಚಿದರೆ ಒಳಪದರ ಹಳೆಯ ಆಕಾರಕ್ಕೆ ಮರಳುವುದಿಲ್ಲವಾದ್ದರಿಂದ, ಅದೇ ಉದ್ದದ, ಅದೇ ತುದಿಗಳ ಹೊಸ ಕೇಬಲನ್ನೇ ಹಾಕಿದೆ. ತುಕ್ಕಷ್ಟೇ ಇದ್ದು ಕವಚ ನೆಟ್ಟಗಿದ್ದರೆ, ಕೇಬಲನ್ನು ನೇತುಹಾಕಿ ಮೇಲಿನ ಬಾಯಿಂದ ಒಣಗಿದ ಮೇಲೆ ನುಣುಪಾದ ಟೆಫ್ಲಾನ್ ಪದರ ಬಿಡುವ ದ್ರಾವಣವನ್ನು ಇಳಿಸಿ ತಂತಿಯನ್ನು ಹಿಂದೆ ಮುಂದೆ ಆಡಿಸಿದರೆ ಕೆಲಸ ಆಗುತ್ತದೆ. ಆಡಿಯೊ ತಂತಿಗಳ ಕಂತೆಯನ್ನು ಬಿಚ್ಚಿ, ಚಪ್ಪಟೆಯಾಗಿ ಹರಡಿ, ಕೇಬಲಿನ ದಾರಿಗೆ ಬಾರದಂತೆ ಇನ್ನೊಂದು ಬದಿಗೆ ಕಟ್ಟಿದೆ. ಇಡೀ ರಿಪೇರಿಯಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ ಕೆಲಸ ಎಂಬುದು ನನ್ನ ಎಣಿಕೆ.

ಜೋಡಣೆಯಲ್ಲಿ ಒಂದು ಸೂಕ್ಷ್ಮವಿದೆ. ಗುಂಡಿಯನ್ನು ಪೂರ್ತಿ ತಂಪಿನ ಕೊನೆಗೆ ತಿರುಗಿಸಿಟ್ಟು, ಕೇಬಲಿನ ಸುರುಳಿಯನ್ನು ಸನ್ನೆಯ ಮೊಳೆಗೆ ಸಿಕ್ಕಿಸಿ, ಸನ್ನೆಯನ್ನು ಕೈಯಿಂದ ತಂಪಿನ ಕೊನೆಗೆ ಒತ್ತಿ ಹಿಡಿದುಕೊಂಡೇ ಹೊರಕವಚವನ್ನು ಕ್ಲಿಪ್ಪಿಗೆ ಕೂರಿಸಬೇಕು. ಕವಚ ಹಳೆಯ ಗುರುತಿಗಿಂತ ಕೆಲವೇ ಮಿಲಿಮೀಟರ್ ಸರಿದು ಕೂತರೂ ಕದ ಪೂರ್ತಿ ಮುಚ್ಚದೆ, ತಂಪಿನಲ್ಲಿಟ್ಟಾಗಲೂ ಬಿಸಿಗಾಳಿ ಸೋರುತ್ತದೆ. ಗುಂಡಿಯನ್ನು ಕೊನೆಯಿಂದ ಕೊನೆಗೆ ತಿರುಗಿಸುವಾಗ ಸನ್ನೆ ಎರಡೂ ಕಡೆ ಫೋಮಿಗೆ ತಾಗಿ ನಿಲ್ಲುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಗ್ಲೋವ್ ಬಾಕ್ಸ್ ಮುಚ್ಚಿದೆ. ಬ್ಯಾಟರಿಯನ್ನು ಮತ್ತೆ ಜೋಡಿಸಿ, ಎಂಜಿನ್ ಬಿಸಿಯಾದ ನಂತರ ಗಾಳಿಕಿಂಡಿಯಲ್ಲಿ ಥರ್ಮಾಮೀಟರ್ ಇಟ್ಟು ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದಾಗ ಅಂಕಿ ಎಲ್ಲಿಯೂ ನೆಗೆಯದೆ ಏರಿತು, ಹಾಗೆಯೇ ಇಳಿಯಿತು.

ಗುಂಡಿ ಈಗಲೂ ಬೆರಳಿಗೆ ಸ್ವಲ್ಪ ತಡೆ ಕೊಡುತ್ತದೆ. ಅಷ್ಟು ಇರಲೇಬೇಕು. ಬ್ಲೋವರ್ ಜೋರಾಗಿ ಓಡುವಾಗ ಗಾಳಿ ಕದವನ್ನು ತಳ್ಳುತ್ತದೆ, ರಸ್ತೆಯ ಕುಲುಕಾಟವೂ ಜೊತೆಗಿರುತ್ತದೆ. ಗ್ರೀಸನ್ನು ಧಾರಾಳವಾಗಿ ಮೆತ್ತಿ ಆ ತಡೆಯನ್ನೂ ಕಳೆದುಬಿಟ್ಟರೆ ಗುಂಡಿ ಇಟ್ಟ ಜಾಗದಲ್ಲಿ ನಿಲ್ಲದೆ ತಾನಾಗಿಯೇ ಜಾರತೊಡಗುತ್ತದೆ.