ಬಳಪದ ಕಲ್ಲಿನ ಸ್ಕ್ಯಾರಬ್: ಪುಡಿಯಲ್ಲಿ ಹೂತೇ ಗ್ಲೇಜ್ ಬರಿಸಿದ್ದು

ಕುಂಚದಲ್ಲಿ ಹಚ್ಚದೆ ಗ್ಲೇಜ್ (ಗಾಜಿನಂಥ ಹೊಳೆಯುವ ಲೇಪ) ಬರುವುದಿಲ್ಲ ಎಂದವರೇ ಹೆಚ್ಚು. ಬರುತ್ತದೆ, ಪುಡಿಯಲ್ಲಿ ಹೂತು ಸುಟ್ಟರೆ.

ಮಾಡಿದ್ದು ಪ್ರಾಚೀನ ಈಜಿಪ್ಟಿನ ದೊರೆ ಮೂರನೇ ಥುಟ್‌ಮೋಸನ ಹೆಸರಿನ ಸ್ಕ್ಯಾರಬ್, ಅಂದರೆ ಜೀರುಂಡೆ ಆಕಾರದ ತಾಯಿತ. ಮ್ಯೂಸಿಯಂಗಳಲ್ಲಿ ಹೇರಳವಾಗಿ ಕಾಣುವ ಮಾದರಿ. ಉದ್ದ 17 ಮಿ.ಮೀ., ಅಗಲ 12, ಎತ್ತರ 8. ತಳದಲ್ಲಿ ಸೂರ್ಯಬಿಂಬ, ಕಾಯಿ ಜೋಡಿಸಿದ ಆಟದ ಹಲಗೆ, ಜೀರುಂಡೆ, ಓದಿದರೆ ಮೆನ್‌ಖೆಪೆರ್ರೆ, ಅವನ ಪಟ್ಟದ ಹೆಸರು. ಕುಂಚ ಸೋತದ್ದು ಆ ಹಲಗೆಯಲ್ಲೇ. ಕಾಯಿಗಳು ಬಾಚಣಿಗೆ ಹಲ್ಲಿನಷ್ಟು ಸಣ್ಣ. ಗ್ಲೇಜ್ ಕರಗಿ ಸಂದಿಗಿಳಿದರೆ ಹಲ್ಲೆಲ್ಲ ಒಂದೇ ಗೆರೆ. ಮೇಲಾಗಿ ತಳ ಕಿಲ್ನ್ (ಸುಡುವ ಗೂಡು) ಒಳಗಿನ ಶೆಲ್ಫಿಗೆ ಅಂಟುತ್ತದೆ.

ಮೊದಲು ತಂದದ್ದು ನಮ್ಮ ಶಿಲ್ಪಿಗಳ ಹಸಿರು ಛಾಯೆಯ ಕಲ್ಲು. ಕೆತ್ತಲು ಬೆಣ್ಣೆ, ಸುಟ್ಟರೆ ಕಂದು: ಅದರಲ್ಲಿನ ಕ್ಲೋರೈಟ್ ಎಂಬ ಹಸಿರು ಖನಿಜದೊಳಗಿನ ಕಬ್ಬಿಣದ ಕೆಲಸ. ಟಾಲ್ಕ್ ಎಂಬ ಮೆದು ಖನಿಜ ಹೆಚ್ಚಿರುವ ಬಿಳಿ ಕಲ್ಲೇ ಬೇಕು. ದಾರದ ತೂತನ್ನು ಸುಡುವ ಮುಂಚೆಯೇ ಎರಡೂ ತುದಿಯಿಂದ ಕೊರೆದು ನಡುವೆ ಕೂಡಿಸಿ. ಸುಟ್ಟ ಮೇಲೆ ಟಾಲ್ಕ್ ಎನ್‌ಸ್ಟಟೈಟ್ ಎಂಬ ಗಟ್ಟಿ ಖನಿಜವಾಗಿ, ಉಗುರಿಗೆ ಸಿಗುತ್ತಿದ್ದ ಕಲ್ಲೇ ಗಾಜನ್ನು ಗೀರುತ್ತದೆ.

ಪುಡಿ ತೂಕದಲ್ಲಿ, ನೆನಪಿದ್ದಷ್ಟು: ಅರಳಿದ ಸುಣ್ಣ 35, ಕ್ವಾರ್ಟ್ಜ್ 33, ಸೋಡಾ ಆಶ್ (ನೀರಿನಂಶವಿಲ್ಲದ ಸೋಡಿಯಂ ಕಾರ್ಬೊನೇಟ್) 20, ಇದ್ದಿಲು 8, ತಾಮ್ರದ ಆಕ್ಸೈಡ್ 3–4. ಇದ್ದಿಲನ್ನು ಎಷ್ಟು ನುಣ್ಣಗೆ ಅರೆಯಬೇಕೆಂಬುದು ನನ್ನ ಹತ್ತಿರವೇ ಇರಲಿ. ಸುತ್ತ ಒಂದು ಸೆಂ.ಮೀ. ಪುಡಿ ಇರುವಂತೆ ಮುಚ್ಚಳದ ಮಣ್ಣಿನ ಕುಡಿಕೆಗೆ ತುಂಬಿ, ಅದುಮಬೇಡಿ. ಗಂಟೆಗೆ 100 ಡಿಗ್ರಿಯಂತೆ ಏರಿಸಿ, 980ರ ಆಸುಪಾಸಿನಲ್ಲಿ ಹತ್ತು ಗಂಟೆ.

ಸುಣ್ಣ 25ಕ್ಕೆ ಇಳಿಸಿದಾಗ ಪುಡಿಯೆಲ್ಲ ಇಟ್ಟಿಗೆಯಾಯಿತು. ಉಳಿಯಲ್ಲಿ ಬಿಡಿಸುವಾಗ ರೆಕ್ಕೆಯೇ ಹಾರಿತು. ಸರಿಯಾಗಿದ್ದರೆ ಬೆರಳಲ್ಲಿ ಪುಡಿಯಾಗಿ ಉದುರುತ್ತದೆ. ಸೋಡಾ ಆಶ್ ಬದಲು ಬಟ್ಟೆ ಸೋಡದ ಹರಳು ಹಾಕಿದರೆ ಅರ್ಧಕ್ಕಿಂತ ಹೆಚ್ಚು ನೀರನ್ನೇ ತೂಗಿದಂತೆ, ಮಿನುಗಿಲ್ಲ. ಒಲೆಯ ಬೂದಿಯೂ ಕೈಕೊಟ್ಟಿತು, ಅದರಲ್ಲಿ ಸುಣ್ಣದಂಶವೇ ಜಾಸ್ತಿ. ತಾಮ್ರ 7 ಆದಾಗ ಕಪ್ಪು ಮಚ್ಚೆ.

ಹನ್ನೊಂದು ಸಲ ಸುಟ್ಟೆ. ಕಿಲ್ನ್ ಬಾಡಿಗೆಗೇ ಎಂಟೊಂಬತ್ತು ಸಾವಿರ ಹೋಯಿತು, ಸಾಮಗ್ರಿಗೆ ಸಾವಿರವೂ ಆಗಲಿಲ್ಲ. ಕೊನೆಯ ಮೂರರಲ್ಲಿ ಹಲಗೆಯ ಹಲ್ಲು ಬರಿಗಣ್ಣಿಗೇ ಎಣಿಸಲು ಸಿಗುತ್ತವೆ. ಕುಂಚದವರು ತೋರಿಸಲಿ ನೋಡೋಣ. ಹಳೇ ಮಾಲೆಂದು ಯಾರೂ ಮಾರದಿರಲಿ ಅಂತ ಕಾಲುಗಳ ಸಂದಿಯಲ್ಲಿ ಇಸವಿ ಕೆತ್ತಿಯೇ ಸುಡುತ್ತೇನೆ.

ಹುರುಪಿನಲ್ಲಿ ಇನ್ನೊಬ್ಬ ಈಜಿಪ್ಟ್ ದೊರೆ ಮೂರನೇ ಅಮೆನ್‌ಹೊಟೆಪ್‌ನ ಸಿಂಹಬೇಟೆಯ ಸ್ಕ್ಯಾರಬ್ಬಿಗೂ ಕೈಹಾಕಿದೆ. ಹತ್ತು ವರ್ಷದಲ್ಲಿ 102 ಸಿಂಹ ಕೊಂದೆನೆಂದು ಬರೆಸಿದ್ದು. ಏಳು ಸೆಂ.ಮೀ. ಕಲ್ಲು ಪದರದ ಗುಂಟ ಎರಡು ಹೋಳಾಯಿತು. ಆ ಗಾತ್ರಕ್ಕೆ ಗಂಟೆಗೆ 100 ಅತಿಯಾಯಿತು. ಈಗ 40ರಲ್ಲಿ ಏರಿಸುತ್ತಿದ್ದೇನೆ.