ಒಂದೇ ಫ್ರಾಕು, ವರ್ಷವಿಡೀ

ಮೊನ್ನೆ ಮೊಮ್ಮಗಳು ಕನ್ನಡಿ ಮುಂದೆ ನಿಂತು, "ಅಜ್ಜಿ, ಹೇಗಿದೆ?" ಅಂದಳು. ತಲೆಗೆ ಹ್ಯಾಟು, ಕೈಗೆ ಗ್ಲೌಸು, ಚುಕ್ಕಿ ಚುಕ್ಕಿ ಫ್ರಾಕು, ಕೊರಳಿಗೆ ಮುತ್ತಿನ ಸರ, ತುಟಿಗೆ ಕಡುಗೆಂಪು ಲಿಪ್‌ಸ್ಟಿಕ್ಕು. ಒಂದೊಂದೂ ಚೆಂದ. ಎಲ್ಲಾ ಸೇರಿದ್ದಕ್ಕೆ ನಾಟಕದ ವೇಷ. "ಯಾವ ಪಾರ್ಟು ಕಣೇ?" ಅಂದೆ. ಮುಖ ಊದಿಸಿಕೊಂಡು ಒಳಗೆ ಹೋದಳು. ಅರ್ಧ ಗಂಟೆ ಬಿಟ್ಟು ಹ್ಯಾಟು, ಗ್ಲೌಸು, ಸರ ಎಲ್ಲ ಕಳಚಿಟ್ಟು, ಅದೇ ಫ್ರಾಕಿನ ಮೇಲೆ ದಿನಾ ಹಾಕುವ ಕಂದು ಕಾರ್ಡಿಗನ್, ಅಂದರೆ ಮುಂದೆ ಗುಂಡಿ ಇರುವ ಸ್ವೆಟರು, ಏರಿಸಿಕೊಂಡು ಬಂದಳು. ಈಗ ಆಫೀಸಿಗೂ ಹೋಗಬಹುದು, ಪೇಟೆಗೂ ಹೋಗಬಹುದು.

ಹಳೇ ಕಾಲದ ಧಾಟಿಯ ಬಟ್ಟೆಯನ್ನು ದಿನಬಳಕೆಗೆ ತರಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮೈಮೇಲೆ ಹಳೇ ಧಾಟಿಯದು ಒಂದಿರಲಿ, ಹೆಚ್ಚೆಂದರೆ ಎರಡು. ಮಿಕ್ಕದ್ದು ಇವತ್ತಿನದೇ, ಸಾದಾ. ಆಮೇಲೆ, ಸೆಕೆಗೊಂದು ಜೊತೆ, ಮಳೆಗೊಂದು ಜೊತೆ, ಚಳಿಗೊಂದು ಜೊತೆ ಅಂತ ಬೀರು ತುಂಬಿಸಬೇಡಿ. ಒಂದು ಒಳ್ಳೇ ಫ್ರಾಕು ಇಟ್ಟುಕೊಳ್ಳಿ. ಹವೆ ಬದಲಾದ ಹಾಗೆ ಅದರ ಒಳಗಿನದು ಬದಲಾಗಲಿ, ಮೇಲಿನದು ಬದಲಾಗಲಿ. ಫ್ರಾಕು ಅದೇ ಇರಲಿ.

ಹಾಗಾದರೆ ಎಂಥ ಫ್ರಾಕು? ಹಳೇ ಧಾಟಿ ಬರುವುದು ಚುಕ್ಕಿಯಿಂದ, ಲೇಸಿನಿಂದ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಸೊಂಟದ ಗೆರೆ ಎಲ್ಲಿ ಕೂರುತ್ತದೆ, ಕೆಳಗೆ ಎಷ್ಟು ಬಟ್ಟೆ ಇದೆ, ಅಷ್ಟೇ. 1920ರ ದಶಕದ ಫ್ರಾಕಿನಲ್ಲಿ ಆ ಗೆರೆ ಕೆಳಗಿಳಿದು ಸೊಂಟದ ಮೂಳೆಯ ಹತ್ತಿರ ಬಂದಿತ್ತು. ಹೊಟ್ಟೆಯ ಮೇಲೆ ಏನೂ ಬಿಗಿಯುವುದಿಲ್ಲ, ಗಾಳಿ ಆಡುತ್ತದೆ. 1940ರ ದಶಕದ್ದು ಮಂಡಿಯವರೆಗೆ ನೆಟ್ಟಗೆ ಇಳಿಯುವ ಕಡಿಮೆ ಬಟ್ಟೆಯ ಫ್ರಾಕು. ಅದು ಬರೀ ಶೋಕಿ ಅಲ್ಲ, ಯುದ್ಧಕಾಲದ ಕಟ್ಟುಪಾಡು. ಬ್ರಿಟನ್ನಿನಲ್ಲಿ 1941ರ ಜೂನ್‌ನಿಂದ 1949ರ ಮಾರ್ಚ್‌ವರೆಗೆ ಬಟ್ಟೆಗೂ ರೇಷನ್ ಇತ್ತು. ಒಂದು ಉಡುಪಿಗೆ ಎಷ್ಟು ನೆರಿಗೆ, ಎಷ್ಟು ಗುಂಡಿ ಅಂತ ಸರ್ಕಾರವೇ ಲೆಕ್ಕ ಕಟ್ಟಿತ್ತು. 1947ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಕ್ರಿಸ್ಟಿಯನ್ ಡಿಯೋರ್ ಅನ್ನುವ ವಸ್ತ್ರವಿನ್ಯಾಸಕ ಸಣ್ಣ ಸೊಂಟ, ಗಜಗಟ್ಟಲೆ ಬಟ್ಟೆಯ ಅಗಲ ಸ್ಕರ್ಟು ತೋರಿಸಿದಾಗ ಜನ ಅಷ್ಟೊಂದು ಹುಯಿಲೆಬ್ಬಿಸಿದ್ದು ಅದಕ್ಕೇ. ಮುಂದೆ ಹತ್ತು ವರ್ಷ ಅದೇ ಆಕಾರ ನಡೆಯಿತು. 1960ರ ದಶಕದ್ದು ಭುಜದಿಂದಲೇ ಅಗಲವಾಗುತ್ತಾ ಇಳಿಯುವ ಗಿಡ್ಡ ಫ್ರಾಕು. ಹೊಲಿಯಲೂ ಸುಲಭ, ಹಾಕಲೂ ಸುಲಭ.

ಸೆಕೆ ಜಾಸ್ತಿ ಇರುವ ಕಡೆ ಇರುವವರಿಗೆ ಇಪ್ಪತ್ತರ ಅಥವಾ ಅರವತ್ತರ ದಶಕದ ಆಕಾರ ಒಳ್ಳೆಯದು. ಮಳೆ, ಓಡಾಟ, ಬಸ್ಸು ಹತ್ತುವುದು ಇಳಿಯುವುದು ಇದ್ದರೆ ನಲವತ್ತರದ್ದು. ಐವತ್ತರ ಅಗಲ ಸ್ಕರ್ಟು ನೋಡಲು ಎಲ್ಲಕ್ಕಿಂತ ಚೆಂದ ಅನ್ನೋದು ನನ್ನ ಅಭಿಪ್ರಾಯ. ಆದರೆ ಗಾಳಿ ಮಳೆಯಲ್ಲಿ ಅದನ್ನು ಹಿಡಿದುಕೊಳ್ಳುವುದರಲ್ಲೇ ಒಂದು ಕೈ ಹೋಗುತ್ತದೆ.

ಸೊಂಟದ ಮಾತು ಇನ್ನೂ ಸ್ವಲ್ಪ ಇದೆ. ಐವತ್ತರ ಧಾಟಿಯ ಸ್ಕರ್ಟು ಕೂರುವುದು ನಿಜವಾದ ಸೊಂಟದ ಮೇಲೆ. ಅದು ಎಲ್ಲಿದೆ ಅಂತ ತಿಳಿಯಲು ನೆಟ್ಟಗೆ ನಿಂತು ಒಂದು ಪಕ್ಕಕ್ಕೆ ಬಾಗಿ. ಎಲ್ಲಿ ಮಡಿಕೆ ಬೀಳುತ್ತದೋ ಅದೇ. ಸಾಮಾನ್ಯವಾಗಿ ಹೊಕ್ಕುಳಿಗಿಂತ ಸ್ವಲ್ಪ ಮೇಲೆ. ಈಗಿನ ಪ್ಯಾಂಟುಗಳೆಲ್ಲ ಕೆಳಗೆ ಕೂರುತ್ತವೆ, ಅದಕ್ಕೆ ನಮಗೆ ಆ ಜಾಗವೇ ಮರೆತುಹೋಗಿದೆ. ಕಾರ್ಡಿಗನ್ನಿನ ವಿಷಯದಲ್ಲಿ ಹೆಚ್ಚಿನವರು ಎಡವುವುದೂ ಇಲ್ಲೇ. ಚೆಂದದ ಫ್ರಾಕಿನ ಮೇಲೆ ತೊಡೆಯವರೆಗೆ ಬರುವ ಉದ್ದ ಕಾರ್ಡಿಗನ್ ಹಾಕಿದರೆ ಸೊಂಟ ಮುಚ್ಚಿಹೋಗುತ್ತದೆ, ಅದರ ಜೊತೆ ಧಾಟಿಯೂ. ಕಾರ್ಡಿಗನ್ ಸೊಂಟದ ಹತ್ತಿರವೇ ನಿಲ್ಲಬೇಕು. ಗಿಡ್ಡದ್ದು ಇಲ್ಲವಾದರೆ ಇರುವುದರ ಮೇಲೆಯೇ ಒಂದು ಸಣ್ಣ ಬೆಲ್ಟು ಕಟ್ಟಿ. ಗುಂಡಿ ಬದಲಿಸಿದರೂ ಸಾದಾ ಕಾರ್ಡಿಗನ್ನಿನ ಕಳೆಯೇ ಬೇರೆ ಆಗುತ್ತದೆ. ಹಳೇ ಬಟ್ಟೆ ಎಸೆಯುವ ಮುಂಚೆ ಗುಂಡಿ ಬಿಚ್ಚಿಕೊಳ್ಳಿ. ಚಿಪ್ಪಿನ ಗುಂಡಿಯೋ ಪ್ಲಾಸ್ಟಿಕ್ಕೋ ಅಂತ ಅನುಮಾನ ಬಂದರೆ ತುಟಿಗೆ ತಾಗಿಸಿ ನೋಡಿ. ಚಿಪ್ಪಿನದು ತಣ್ಣಗಿರುತ್ತದೆ.

ಹವೆ ಬದಲಾಗುವ ಆ ಮೂರು ನಾಲ್ಕು ವಾರ ಇದೆಯಲ್ಲ, ಬೆಳಗ್ಗೆ ನಡುಕ, ಮಧ್ಯಾಹ್ನ ಬೆವರು, ಅದೇ ಎಲ್ಲರಿಗೂ ಕಷ್ಟ. ಇದಕ್ಕೆ ಹಳಬರೇ ಒಂದು ದಾರಿ ಮಾಡಿಟ್ಟಿದ್ದಾರೆ. ಒಂದೇ ಬಣ್ಣದ, ಒಂದೇ ನೂಲಿನ ಅರ್ಧ ತೋಳಿನ ಸ್ವೆಟರು, ಮೇಲೊಂದು ಕಾರ್ಡಿಗನ್. ಟ್ವಿನ್‌ಸೆಟ್ ಅಂತಾರೆ. ಮಧ್ಯಾಹ್ನ ಮೇಲಿನದು ತೆಗೆದು ಭುಜದ ಮೇಲೆ ಹಾಕಿಕೊಂಡರಾಯಿತು. ಜೊತೆ ಕೆಡುವುದಿಲ್ಲ, ಯಾಕೆಂದರೆ ಎರಡೂ ಒಂದೇ. ಹೊಸದಾಗಿ ಕೊಳ್ಳಬೇಕಿಲ್ಲ, ಇರುವುದರಲ್ಲೇ ಬಣ್ಣ ಹತ್ತಿರ ಬರುವ ಎರಡು ಹುಡುಕಿ. ದಪ್ಪ ಒಂದು ಹಾಕುವುದಕ್ಕಿಂತ ತೆಳ್ಳಗಿನ ಎರಡು ಬೆಚ್ಚಗಿರುತ್ತವೆ, ನಡುವೆ ಗಾಳಿ ಸಿಕ್ಕಿಹಾಕಿಕೊಂಡು ಶಾಖ ಹಿಡಿದಿಡುತ್ತದೆ. ಜೊತೆಗೆ ಒಂದು ರೇಷ್ಮೆಯ ಚೌಕ ಸ್ಕಾರ್ಫು ಬ್ಯಾಗಿನಲ್ಲಿರಲಿ. ಬೆಳಗ್ಗೆ ಕೊರಳಿಗೆ, ಗಾಳಿ ಎದ್ದರೆ ತಲೆಗೆ, ಸೆಕೆಯಾದರೆ ಬ್ಯಾಗಿನ ಹಿಡಿಕೆಗೆ.

ಸೆಕೆಗಾಲದಲ್ಲಿ ಹಳೇ ಧಾಟಿಯ ಬಟ್ಟೆಗೆ ಶತ್ರು ಬಿಸಿಲಲ್ಲ, ಬೆವರು. ಕಂಕುಳಲ್ಲಿ ಒಂದು ಸಲ ಹಳದಿ ಕಲೆ ಕೂತರೆ ಅದು ಹೋಗುವುದು ಕಷ್ಟ, ರೇಷ್ಮೆಯಾದರೆ ಅಲ್ಲೇ ಜೀರ್ಣವಾಗಿ ಹರಿಯುತ್ತದೆ. ಹಿಂದೆ ಇದಕ್ಕೆ ಕಂಕುಳ ಪ್ಯಾಡು ಇಟ್ಟು ಹೊಲಿಯುತ್ತಿದ್ದರು. ನೀವೂ ಮಾಡಿಕೊಳ್ಳಬಹುದು. ಹಳೇ ಹತ್ತಿ ಬಟ್ಟೆಯನ್ನು ಅಂಗೈ ಅಗಲದ ಅರ್ಧಚಂದ್ರದ ಹಾಗೆ ಎರಡು ಪದರ ಕತ್ತರಿಸಿ, ಸುತ್ತ ಹೊಲಿದು, ಒಳಗಡೆ ಎರಡು ಟಿಚ್ ಬಟನ್ ಹಾಕಿ ಕೂರಿಸಿ. ಸಂಜೆ ಬಿಚ್ಚಿ ಅದನ್ನಷ್ಟೇ ಒಗೆಯಿರಿ. ಕಾಲರಿಗೂ ಇದೇ ಉಪಾಯ. ಮೊದಲು ಕೊಳೆಯಾಗುವುದು ಕೊರಳು, ಅದಕ್ಕೆ ಆ ಕಾಲದಲ್ಲಿ ಕಾಲರು, ತೋಳಿನ ತುದಿ ಬಿಚ್ಚಿ ಒಗೆಯುವ ಹಾಗೇ ಇರುತ್ತಿದ್ದವು. ಬಿಳಿ ಕಾಲರು ಎರಡು ಮಾಡಿಟ್ಟುಕೊಂಡರೆ ಒಂದೇ ಕಪ್ಪು ಫ್ರಾಕು ವಾರದಲ್ಲಿ ಮೂರು ಸಲ ಹಾಕಬಹುದು. ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಮೇಲೆ ನಂಬಿಕೆ ಇಡಿ, ಮಾಡಿ ನೋಡಿದ್ದೇನೆ.

ಫ್ರಾಕಿನ ಒಳಗೆ ಹತ್ತಿಯ ಪೆಟಿಕೋಟು ಇರಲಿ, ಸೆಕೆಗೆ ಬೆವರು ಹೀರುತ್ತದೆ. ಒಣ ಚಳಿಯಲ್ಲಿಯೂ ಅದೇ ವಾಸಿ. ನೈಲಾನ್ ಪೆಟಿಕೋಟು ಹಾಕಿದರೆ ಸ್ಕರ್ಟು ಕಾಲಿಗೆ ಅಂಟಿಕೊಂಡು ಚಟಪಟ ಅನ್ನುತ್ತದೆ.

ಎಪ್ಪತ್ತರ ದಶಕದ ಪಾಲಿಯೆಸ್ಟರ್ ಉಡುಪುಗಳು ನೋಡಲು ಗಟ್ಟಿಮುಟ್ಟು, ಬಣ್ಣವೂ ಹೋಗಿರುವುದಿಲ್ಲ. ಬೇಸಿಗೆಯಲ್ಲಿ ಮಾತ್ರ ಮುಟ್ಟಬೇಡಿ, ಬೆಂದುಹೋಗುತ್ತೀರಿ. ಯಾವ ಬಟ್ಟೆ ಅಂತ ತಿಳಿಯದಿದ್ದರೆ ಒಳಹೊಲಿಗೆಯಿಂದ ಎರಡು ಎಳೆ ಕಿತ್ತು, ಸಿಂಕಿನ ಮೇಲೆ ಚಿಮುಟದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿ, ಮರದ ತಿರುಳಿನಿಂದ ಮಾಡುವ ರೇಯಾನ್ ಇವಕ್ಕೆ ಕಾಗದ ಸುಟ್ಟ ವಾಸನೆ. ಉಣ್ಣೆ, ರೇಷ್ಮೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ನಿಜವಾಗಿ ಹಳೇ ಫ್ರಾಕು ಸಿಕ್ಕಿದಾಗ ಜಿಪ್ಪನ್ನೂ ನೋಡಿ. ಎಡ ಪಕ್ಕದಲ್ಲಿ ಲೋಹದ ಜಿಪ್ ಇದ್ದರೆ ಅರವತ್ತರ ದಶಕಕ್ಕಿಂತ ಹಿಂದಿನದು ಇರಬಹುದು. ಪ್ಲಾಸ್ಟಿಕ್ ಜಿಪ್ ಎಲ್ಲೆಡೆ ಬಂದದ್ದು ಆಮೇಲೆ.

ಇಲ್ಲಿ ನನ್ನ ದಡ್ಡತನವೊಂದನ್ನು ಹೇಳಲೇಬೇಕು. ಒಂದು ಸಲ ಕೈಗೆ ಹಳೇ ರೇಯಾನ್ ಕ್ರೇಪಿನ, ಅಂದರೆ ಸಣ್ಣ ಸುಕ್ಕಿನ ಮೈಯಿರುವ ಬಟ್ಟೆಯ, ನೀಲಿ ಫ್ರಾಕು ಬಂತು. ಮಾರಿದವರು "ಧಾರಾಳವಾಗಿ ಒಗೆಯಿರಿ" ಅಂದರು. ಬಕೆಟ್ಟಿನಲ್ಲಿ ಮುಳುಗಿಸಿದೆ. ಹೊರಗೆ ತೆಗೆದಾಗ ಹತ್ತು ವರ್ಷದ ಹುಡುಗಿಗೂ ಸಾಲದಷ್ಟು ಕುಗ್ಗಿತ್ತು. ಎಳೆದು ಸರಿಮಾಡೋಣ ಅಂತ ಹೊರಟೆ, ಹೆಗಲ ಹತ್ತಿರ ಪರ್ ಅಂತ ಹರಿಯಿತು. ರೇಯಾನ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ ಅಂತ ಆಗ ಗೊತ್ತಿರಲಿಲ್ಲ. ಈಗ ಯಾವ ಹಳೇ ಬಟ್ಟೆ ಬಂದರೂ ಒಳಮಡಿಕೆಯ ಮೂಲೆಗೆ ಒಂದು ಹನಿ ನೀರು ಬಿಟ್ಟು ಒಣಗಿಸುತ್ತೇನೆ. ಸುಕ್ಕು ಬಂದರೆ, ಬಣ್ಣ ಬಿಟ್ಟರೆ, ಅದು ಡ್ರೈ ಕ್ಲೀನಿಂಗಿಗೆ. ಹೀಗಾಗಿಯೇ ದಿನಾ ಹಾಕಲು ಹೊಸ ಬಟ್ಟೆಯಲ್ಲಿ ಹಳೇ ಆಕಾರ ಹೊಲಿಸುವುದೇ ಮೇಲು ಅನ್ನುತ್ತೇನೆ. ಟೈಲರ್‌ಗೆ ಎರಡು ಮಾತು ಹೇಳಿ. ಪಕ್ಕದ ಹೊಲಿಗೆಯೊಳಗೆ ಒಂದಿಂಚು ಬಟ್ಟೆ ಬಿಡಲಿ, ಚಳಿಗೆ ಒಳಗೆ ಬನಿಯನ್ನೋ ಸ್ವೆಟರೋ ಹಾಕುವಾಗ ಬಿಚ್ಚಿಕೊಳ್ಳಬಹುದು. ಕ್ರಾಸ್ ಕಟಿಂಗ್ ಸ್ಕರ್ಟಾದರೆ ಹೆಮ್ಮಿಂಗ್ ಹಾಕುವ ಮುಂಚೆ ಒಂದು ದಿನ ನೇತುಹಾಕಲಿ. ಓರೆಯಾಗಿ ಕತ್ತರಿಸಿದ ಬಟ್ಟೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಅವಸರದಲ್ಲಿ ಅಂಚು ಮಡಚಿದರೆ ಹದಿನೈದು ದಿನಕ್ಕೆ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ.

ಮಳೆಗೆ ಹೆಚ್ಚು ಹೇಳುವುದಿಲ್ಲ. ಮಂಡಿಯ ಕೆಳಗೆ ಬರುವ ಅಂಚು ಕೆಸರು ಹೀರುತ್ತದೆ, ಮಂಡಿಯವರೆಗೆ ಸಾಕು. ಮೇಲೆ ಟ್ರೆಂಚ್ ಕೋಟು, ಸೊಂಟಕ್ಕೆ ಬೆಲ್ಟಿರುವ ಉದ್ದ ಮಳೆಕೋಟು. ಅದನ್ನು ಹೊಲಿಯುವ, ಒತ್ತಾಗಿ ನೇಯ್ದ ಗ್ಯಾಬರ್ಡಿನ್ ಬಟ್ಟೆಯನ್ನು ಇಂಗ್ಲೆಂಡಿನ ಥಾಮಸ್ ಬರ್ಬೆರಿ 1879ರಲ್ಲೇ ತಯಾರಿಸಿದ್ದ. ಮೊದಲ ಮಹಾಯುದ್ಧದ ಕಂದಕಗಳಿಂದ (ಇಂಗ್ಲಿಷಿನಲ್ಲಿ ಟ್ರೆಂಚ್) ಕೋಟಿಗೆ ಆ ಹೆಸರು ಬಂತು, ಭುಜದ ಪಟ್ಟಿಯೂ ಸೈನ್ಯದ್ದೇ. ನೂರು ವರ್ಷ ಕಳೆದರೂ ಅದು ವೇಷದ ಹಾಗೆ ಕಾಣುವುದಿಲ್ಲ. ಗಂಡಸರಿಗೂ ಸಲ್ಲುತ್ತದೆ. ನಮ್ಮೆಜಮಾನರದ್ದನ್ನು ಬೆಲ್ಟು ಬಿಗಿದು ಎಷ್ಟೋ ಸಲ ನಾನೇ ಹಾಕಿಕೊಂಡು ಹೋಗಿದ್ದೇನೆ. ಬಕಲಿಗೆ ಸಿಕ್ಕಿಸಬೇಡಿ, ಸುಮ್ನೆ ಗಂಟು ಹಾಕಿ.

ಚಳಿಗೆ ಆ ಬೇಸಿಗೆಯ ಫ್ರಾಕನ್ನು ಒಳಗಿಡುವ ಅಗತ್ಯವೇ ಇಲ್ಲ. ತೋಳಿಲ್ಲದ್ದಾದರೆ ಒಳಗೆ ಕೊರಳು ಮುಚ್ಚುವ ತೆಳ್ಳಗಿನ ಸ್ವೆಟರು, ಕಾಲಿಗೆ ದಪ್ಪ ಸ್ಟಾಕಿಂಗ್ಸು, ಮೇಲೆ ಕೋಟು. ಹೂವಿನ ಬಟ್ಟೆಯಲ್ಲಿ ಇರುವ ಬಣ್ಣಗಳಲ್ಲಿ ಎಲ್ಲಕ್ಕಿಂತ ಗಾಢವಾದದ್ದನ್ನು ಹುಡುಕಿ ಸ್ವೆಟರು ಅದೇ ಬಣ್ಣದ್ದು ಹಾಕಿ, ಬೇಸಿಗೆಯ ಹೂವು ಚಳಿಯ ಹೂವಾಗುತ್ತದೆ. ಕೋಟು ಕೊಳ್ಳುವಾಗ ಮಾತ್ರ ಒಳಗೆ ಸ್ವೆಟರು ಹಾಕಿಕೊಂಡೇ ತೊಟ್ಟು ನೋಡಿ, ಎರಡೂ ಕೈ ಮುಂದಕ್ಕೆ ಚಾಚಿ. ಬೆನ್ನು ಬಿಗಿದರೆ ಬಿಟ್ಟುಬಿಡಿ. ಹಳೇ ಉಡುಪುಗಳ ಸೈಜಿನ ನಂಬರ್ ನೋಡಿ ಮೋಸ ಹೋಗಬೇಡಿ, ಆಗಿನ ನಂಬರೇ ಬೇರೆ ಈಗಿನದೇ ಬೇರೆ. ಟೇಪಿನಲ್ಲಿ ಅಳೆಯಿರಿ.

ಇನ್ನು ಎತ್ತಿಡುವುದು. ಹವೆ ಬದಲಾದ ದಿನ ಬಟ್ಟೆ ಮಡಚಿ ಟ್ರಂಕಿಗೆ ತುರುಕುವುದಲ್ಲ. ಒಗೆದೇ ಇಡಬೇಕು. ಉಣ್ಣೆ ತಿನ್ನುವುದು ಹಾರಾಡುವ ಪತಂಗವಲ್ಲ, ಅದರ ಮರಿಹುಳು. ಬೆವರು, ಜಿಡ್ಡು ಇದ್ದ ಜಾಗವನ್ನೇ ಅದು ಹುಡುಕಿಕೊಂಡು ಹೋಗುತ್ತದೆ. ನೇಯ್ದ ಕೋಟನ್ನು ಅಗಲ ಹ್ಯಾಂಗರಿಗೆ ಹಾಕಿ. ಹೆಣೆದದ್ದನ್ನು, ಕ್ರಾಸ್ ಕಟಿಂಗಿನದನ್ನು ನೇತುಹಾಕದೆ ಮಡಚಿಡಿ. ಒಗೆದ ಉಣ್ಣೆ ಸ್ವೆಟರನ್ನು ಟವೆಲ್ಲಿನ ಮೇಲೆ ಹರಡಿ ಒಣಗಿಸಿ, ಹಗ್ಗಕ್ಕೆ ಹಾಕಿದರೆ ತೋಳು ಮಂಡಿಗೆ ಬರುತ್ತದೆ. ಹುಳು ಬಿದ್ದಿದೆ ಅನ್ನಿಸಿದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಚಳಿ ಬಿಡುವವರೆಗೆ ಚೀಲ ಬಿಚ್ಚಬೇಡಿ, ಬಟ್ಟೆ ಒದ್ದೆಯಾಗುತ್ತದೆ. ನುಸಿಗುಳಿಗೆ ನನಗೆ ಇಷ್ಟವಿಲ್ಲ. ಆ ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ, ಕೆಲವು ಪ್ಲಾಸ್ಟಿಕ್ ಗುಂಡಿಗಳೂ ಕೆಡುತ್ತವೆ, ಮಕ್ಕಳಿದ್ದ ಮನೆಗಂತೂ ಬೇಡವೇ ಬೇಡ.

ಎತ್ತಿಡುವ ಮುಂಚೆ ನಾನು ಕೋಟಿನ ಜೇಬಿನಲ್ಲಿ ಒಂದು ಚೀಟಿ ಇಡುತ್ತೇನೆ. "ಬಲ ಜೇಬು ತೂತು. ಎರಡನೇ ಗುಂಡಿ ಸಡಿಲ. ಹಸಿರು ಫ್ರಾಕಿಗೆ ಸರಿಹೋಗಲಿಲ್ಲ, ಬೂದಿ ಬಣ್ಣದ್ದಕ್ಕೆ ಆಯ್ತು." ಮುಂದಿನ ಚಳಿಗೆ ತೆಗೆದಾಗ ತಲೆ ಕೆಡಿಸಿಕೊಳ್ಳಬೇಕಿಲ್ಲ, ಮೊದಲು ಸೂಜಿ ದಾರ ಹಿಡಿದರಾಯಿತು. ಹೋದ ವರ್ಷ ಮೊಮ್ಮಗಳು ನನ್ನ ಚೀಟಿಯ ಕೆಳಗೆ ತನ್ನದೊಂದು ಸಾಲು ಸೇರಿಸಿದ್ದಳು: "ಅಜ್ಜಿ, ಈ ಕೋಟು ಇನ್ನು ನನಗೆ." ಗುಂಡಿ ಮಾತ್ರ ಹಾಗೇ ಸಡಿಲವಾಗಿ ನೇತಾಡುತ್ತಿತ್ತು.