ಜಡ್ಜ್ ಹೆಸರಿನ ಪಕ್ಕದ ಶೇಕಡಾ ಲೆಕ್ಕ ಓದುವುದು ಹೇಗೆ?

‘ಆ ಜಡ್ಜಾ? ನೂರಕ್ಕೆ ತೊಂಬತ್ತು ಅರ್ಜಿ ತಳ್ಳಿಹಾಕ್ತಾರಂತೆ!’ ಅಮೆರಿಕದಲ್ಲಿ ಆಶ್ರಯ ಕೇಳಿದವರ ನಡುವೆ ಇಂಥ ಮಾತು ಸದಾ ಓಡಾಡುತ್ತದೆ. ಮಾತು ನಿಜವಾ ಅಂತ ನಾವೇ ನೋಡಬಹುದು. ಆದರೆ ಅಂಕಿ ಸಿಕ್ಕಿದ್ದೇ ತೀರ್ಮಾನಕ್ಕೆ ಬರಬೇಡಿ.

ಮೊದಲು ಒಂದು ವಿಷಯ ಗೊತ್ತಿರಲಿ. ಅಲ್ಲಿನ ವಲಸೆ ಕೋರ್ಟುಗಳು ನಮ್ಮ ಕೋರ್ಟುಗಳ ಹಾಗಲ್ಲ. ಅವು ನ್ಯಾಯ ಇಲಾಖೆಯ ಕೈಕೆಳಗಿವೆ, ಜಡ್ಜ್‌ಗಳನ್ನು ನೇಮಿಸುವುದು ಆ ಇಲಾಖೆಯ ಮುಖ್ಯಸ್ಥರಾದ ಅಟಾರ್ನಿ ಜನರಲ್.

ಸುಲಭದ ದಾರಿ ಬೇಕಾ? ‘ಟ್ರ್ಯಾಕ್’ ತಾಣಕ್ಕೆ ಹೋಗಿ. ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ 1989ರಲ್ಲಿ ಶುರುವಾದ ಸಂಸ್ಥೆ ಇದು. ನಮ್ಮ ಆರ್‌ಟಿಐ ಥರದ ಅಲ್ಲಿನ ಕಾಯ್ದೆಯಡಿ ದಾಖಲೆ ತರಿಸಿ, ಒಬ್ಬೊಬ್ಬ ಜಡ್ಜ್‌ಗೂ ಒಂದೊಂದು ವರದಿ ಮಾಡುತ್ತದೆ. ಕನಿಷ್ಠ 100 ತೀರ್ಪು ಕೊಟ್ಟಿರದ ಜಡ್ಜ್ ಅದರಲ್ಲಿ ಸಿಗುವುದಿಲ್ಲ. ಅದು ಸರಿ ಕೂಡ. ಹತ್ತಿಪ್ಪತ್ತು ಕೇಸು ನೋಡಿ ಯಾರ ಬಗ್ಗೆ ಏನು ಹೇಳೋಕಾಗುತ್ತೆ?

ಮೂಲ ದಾಖಲೆಯೇ ಬೇಕೆಂದರೆ ನ್ಯಾಯ ಇಲಾಖೆಯೇ ತನ್ನ ತಾಣದಲ್ಲಿ ಹಾಕಿದ ಜಿಪ್ ಫೈಲ್ ಇದೆ. ಅರ್ಜಿದಾರರ ಹೆಸರಿರುವುದಿಲ್ಲ. ಸುಮ್ನೆ ಎಕ್ಸೆಲ್‌ನಲ್ಲಿ ತೆರೆಯಬೇಡಿ. ಎಕ್ಸೆಲ್ ಹಾಳೆಗೆ 10,48,576 ಸಾಲಿಗಿಂತ ಜಾಸ್ತಿ ಹಿಡಿಸುವುದಿಲ್ಲ, ಉಳಿದದ್ದು ಕಾಣುವುದೇ ಇಲ್ಲ. ಪೈಥಾನ್ ಅಥವಾ ‘ಆರ್’ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸಿ.

ಇನ್ನು ಲೆಕ್ಕ. ಯಾವುದನ್ನು ಯಾವುದರಿಂದ ಭಾಗಿಸುತ್ತೀರಿ? ಅರ್ಜಿ ವಾಪಸ್ ಪಡೆದವರು, ಕೇಸು ಕೈಬಿಟ್ಟವರು ಎಲ್ಲರನ್ನೂ ಸೇರಿಸಿದರೆ ಒಂದು ಉತ್ತರ, ತೀರ್ಪಾದ ಕೇಸು ಮಾತ್ರ ತೆಗೆದುಕೊಂಡರೆ ಇನ್ನೊಂದು. ನನ್ನ ಮಟ್ಟಿಗೆ ಎರಡನೆಯದೇ ವಾಸಿ.

ಎಡವುವುದು ಮಾತ್ರ ಹೋಲಿಸುವಾಗ. ಒಂದು ಕಲ್ಪಿತ ಉದಾಹರಣೆ ನೋಡಿ. ಇಬ್ಬರು ಜಡ್ಜ್‌ಗಳು, ತಲಾ 100 ಕೇಸು. ಮೊದಲನೆಯವರ ಮುಂದೆ ವಕೀಲರಿದ್ದವರು 80, ಇಲ್ಲದವರು 20. ಎರಡನೆಯವರ ಹತ್ತಿರ ಇದು ತಿರುಗಾಮುರುಗಾ. ಇಬ್ಬರೂ ವಕೀಲರಿದ್ದವರಲ್ಲಿ ಅರ್ಧದಷ್ಟು ಜನಕ್ಕೆ, ಇಲ್ಲದವರಲ್ಲಿ ಹತ್ತಕ್ಕೆ ಒಬ್ಬರಿಗೆ ಆಶ್ರಯ ಕೊಟ್ಟರು ಅನ್ನೋಣ. ಮೊದಲನೆಯವರು ಆಶ್ರಯ ಕೊಟ್ಟದ್ದು ನೂರಕ್ಕೆ 42, ಎರಡನೆಯವರು 18! ಕೈ ಒಂದೇ, ತಕ್ಕಡಿಗೆ ಬಿದ್ದ ಸರಕು ಬೇರೆ, ಅಲ್ವಾ?

ಹಾಗಾಗಿ ಒಂದೇ ಕೋರ್ಟು, ಒಂದೇ ವರ್ಷಗಳು, ಒಂದೇ ದೇಶದವರು, ವಕೀಲರಿದ್ದವರು ಬೇರೆ, ಇಲ್ಲದವರು ಬೇರೆ ಎಂದು ಬಿಡಿಸಿಕೊಂಡು ನೋಡಿ. ಬಂಧನದಲ್ಲಿರುವವರ ಕೇಸುಗಳನ್ನೂ ಪಕ್ಕಕ್ಕೆ ಎತ್ತಿಡಿ. ಅಂದಹಾಗೆ, ಅಲ್ಲಿನ ಸರ್ಕಾರಿ ವರ್ಷ ಅಕ್ಟೋಬರ್ 1ಕ್ಕೆ ಶುರು. 2023ರ ಲೆಕ್ಕ ಅಂದರೆ 2022ರ ಅಕ್ಟೋಬರ್‌ನಿಂದ 2023ರ ಸೆಪ್ಟೆಂಬರ್‌ವರೆಗೆ.

ಇಷ್ಟೆಲ್ಲ ಬಿಡಿಸಿದ ಮೇಲೂ, ಕೈತುಂಬ ಕೇಸುಗಳಿದ್ದೂ, ಅಕ್ಕಪಕ್ಕದ ಕೋಣೆಯ ಇಬ್ಬರು ಜಡ್ಜ್‌ಗಳ ನಡುವೆ ಭಾರೀ ಅಂತರ ಉಳಿದರೆ, ಆಗ ಆ ಅಂಕಿಯನ್ನು ವಕೀಲರ ಮುಂದಿಡಿ. ಸಾಕ್ಷ್ಯ ಎಲ್ಲಿ ಇನ್ನಷ್ಟು ಗಟ್ಟಿ ಮಾಡಬೇಕು ಅಂತ ಕೇಳಿ.